ಕೈಯೆತ್ತಿ ಊಟಕ್ಕೆ ಎದ್ದವರು

ಮೇಷ್ಟ್ರು ಎತ್ತಿದ ಕೈಯನ್ನು ಇಳಿಸಲಿಲ್ಲ. ಅಂಗಿಯ ತೋಳು ಮೊಣಕೈಗೆ ಜಾರಿತ್ತು. 2014ರ ಒಂದು ಭಾನುವಾರ ಸಂಜೆ. ಪರದೇಶದ ನಮ್ಮ ಟೋವಾ ಪಾಯೋ ಬಡಾವಣೆಯಲ್ಲಿ, ನಾವಿದ್ದ ಬ್ಲಾಕಿನ ಕೆಳಗೆ, ವಾಯ್ಡ್ ಡೆಕ್ ಎಂಬ ಗೋಡೆಯಿಲ್ಲದ ನೆಲ ಅಂತಸ್ತಿನ ಕಂಬದ ಪಕ್ಕ ನಾನು ನಿಂತಿದ್ದೆ. ಕಂಡದ್ದನ್ನಷ್ಟೇ ಬರೆಯುತ್ತೇನೆ.

ಮೇಷ್ಟ್ರು ಮೈಸೂರಿನವರು, ಇಲ್ಲಿ ರೋಮನ್ ಇತಿಹಾಸ ಕಲಿಸಿ ನಿವೃತ್ತರಾದವರು. ಭಾನುವಾರಗಳಂದು ಅಲ್ಲೇ ನಮ್ಮ ಮಕ್ಕಳಿಗೆ ಕನ್ನಡ ಹೇಳಿಕೊಡುತ್ತಿದ್ದರು. ಹೆಂಡತಿ ತೀರಿಕೊಂಡ ಮೇಲೆ ಅವರಿಗೆ ಉಳಿದಿದ್ದು ಆ ಪಾಠವೊಂದೇ. ಪಾಠ ಮುಗಿದರೆ ಕಥೆ: ಸೀಸರ್, ಪಾಂಪೆ ಎಂಬ ಇಬ್ಬರು ಸೇನಾಪತಿಗಳು, ರೋಮನ್ನರು ತಮ್ಮತಮ್ಮಲ್ಲೇ ಮಾಡಿಕೊಂಡ ಯುದ್ಧ. "ಅದಕ್ಕೆ ಯಾರು ಹೊಣೆ?" ಎಂದು ಕೇಳುವರು.

"ಸೀಸರ್ ಲಾ, ಅಂಕಲ್!" ಎಂದಿದ್ದಳು ನನ್ನ ಮಗಳು, ಇಲ್ಲಿನವರಂತೆ 'ಲಾ' ಸೇರಿಸಿ. "ಅವನೇ ಅಲ್ವಾ ಸೈನ್ಯ ತಗೊಂಡು ನದಿ ದಾಟಿದ್ದು?"

"ದಾಟಿದ, ಪುಟ್ಟಿ. ಅದಕ್ಕೆ ಮುಂಚೆ, ಇಬ್ಬರೂ ಸೈನ್ಯ ಬಿಡಲಿ ಅಂತ ಸೆನೆಟ್‌ನಲ್ಲಿ ಹೆಚ್ಚಿನವರು ಒಪ್ಪಿದ್ರು. ಬೇಡ ಅಂದವರು ಕೆಲವರೇ. ಆದ್ರೂ ಅವರು ಹೇಳಿದ್ದೇ ನಡೀತು. ಉಳಿದವರು ಎಲ್ಲಿ ಹೋದ್ರು? ಮನೆಗೆ."

2014ರ ಆ ಸಂಜೆಯ ಸಭೆಯಲ್ಲಿ, ಪರಸ್ಪರ ಜಗಳವಾಡಿಕೊಂಡಿದ್ದ ನಮ್ಮ ಕನ್ನಡ ಕೂಟದ ಅಧ್ಯಕ್ಷರೂ ಕಾರ್ಯದರ್ಶಿಯೂ, ಅವನು ಹುದ್ದೆ ಬಿಟ್ಟರೆ ಮಾತ್ರ ನಾನು ಬಿಡುತ್ತೇನೆ ಎಂದು ಪಟ್ಟು ಹಿಡಿದಿದ್ದರು. ಪಾಠದ ಜಾಗ ಬುಕ್ ಆಗುತ್ತಿದ್ದುದು ಕೂಟದ ಹೆಸರಿನಲ್ಲಿ. ಕೂಟ ಒಡೆದರೆ ಪಾಠವೂ ಇಲ್ಲ. ಇಬ್ಬರೂ ರಾಜೀನಾಮೆ ಕೊಡಲಿ ಎಂದು ಮೇಷ್ಟ್ರು ಸೂಚಿಸಿದರು. ಬಹುತೇಕ ಎಲ್ಲರೂ ಕೈಯೆತ್ತಿದೆವು. ಅಧ್ಯಕ್ಷರು ಎಣಿಸಲೇ ಇಲ್ಲ.

"ಬನ್ನಿ ಬನ್ನಿ, ಬಿಸಿಬೇಳೆ ಬಾತ್ ತಣ್ಣಗಾಗ್ತಿದೆ," ಎಂದು ಬಡಿಸಲು ನಿಂತಿದ್ದ ಆಂಟಿ ಕರೆದರು.

ಸಭೆ ಎಲ್ಲಿಗೇ ಬಂದಿರಲಿ, ಊಟಕ್ಕೆ ಕರೆದರೆ ಏಳುವುದು ನಮ್ಮ ಕೂಟದ ರೂಢಿ. ಎದ್ದೆವು.

"ಕೈ ಎತ್ತಿದ್ರಲ್ಲ, ಕೂತ್ಕೊಳ್ರಪ್ಪ," ಎಂದರು ಮೇಷ್ಟ್ರು.

"ಇದು ರೋಮ್ ಅಲ್ಲ ಮೇಷ್ಟ್ರೇ, ತಟ್ಟೆ ತಗೊಳ್ಳಿ," ಎಂದರು ಕಾರ್ಯದರ್ಶಿ. ಕೆಲವರು ನಕ್ಕರು. ಮೇಷ್ಟ್ರ ಕೈ ಮಾತ್ರ ಎತ್ತಿದಂತೆಯೇ ಇತ್ತು.

ಕೂಟ ಎರಡಾಯಿತು. ಎರಡೂ ಕಡೆಯವರು ಮೇಷ್ಟ್ರನ್ನು ಕರೆದರು. ಆ ಕಡೆಯ ಮಕ್ಕಳಿಗೆ ಕಲಿಸಬಾರದು ಎಂಬುದು ಇಬ್ಬರ ಷರತ್ತು. ಅವರು ಯಾರಿಗೂ ಕಲಿಸಲಿಲ್ಲ. ಭಾನುವಾರ ಅದೇ ಹೊತ್ತಿಗೆ ಇಳಿದು ಬಂದು ಸುಮ್ಮನೆ ಕೂರುತ್ತಿದ್ದರು. ಮರುವರ್ಷ ಒಂದು ಭಾನುವಾರ ಇಳಿಯಲಿಲ್ಲ. ಬಾಗಿಲು ಒಡೆಸಿದಾಗ ಹಾಸಿಗೆಯಲ್ಲೇ ಹೋಗಿದ್ದರು. ಹೃದಯ ಎಂದರು ವೈದ್ಯರು. ಅದಕ್ಕಿಂತ ಹೆಚ್ಚು ನಾನು ಹೇಳಲಾರೆ.

ಅಧ್ಯಕ್ಷರು ಈಗಿಲ್ಲ. ಕಾರ್ಯದರ್ಶಿ ಇದೇ ಊರಿನ ಆ ತುದಿಯ ಜುರಾಂಗ್ ವೆಸ್ಟ್‌ನಲ್ಲಿದ್ದಾರೆ. ಅಂದು ಬಡಿಸಿದ ಆಂಟಿ ಇದ್ದಾರೆ, ನನ್ನ ಹೆಂಡತಿ ಇದ್ದಾಳೆ. ಕಂಬದ ಬಳಿ ನನ್ನ ಪಕ್ಕದಲ್ಲೇ ನಿಂತು ಎಲ್ಲವನ್ನೂ ನೋಡಿದ ಮಗಳಿದ್ದಾಳೆ. ಕನ್ನಡದಲ್ಲಿ ಬರೆದ ಇದನ್ನು ಓದಲು ಅವಳಿಗೆ ಬರುವುದಿಲ್ಲ.