ಅಚ್ಚುಮೊಳೆಯ ಸೀಸ

ಮೊನ್ನೆ ಒಡೆದ ಹಿಮ್ಮಡಿಗೆ ಮುಲಾಮು ಮಾಡಿಕೊಳ್ಳಲೆಂದು ಕಬ್ಬಿಣದ ಬಾಣಲೆಯಲ್ಲಿ ಜೇನುಮೇಣವನ್ನು ಕಾಯಲಿಟ್ಟು, ಅಸರ್ ನಮಾಜಿನ ಹೊತ್ತಾಯಿತೆಂದು ಒಲೆಯನ್ನು ಮರೆತು ಹೋದೆ. ನಮಾಜಿನ ಕೊನೆಗೆ ಸಲಾಮು ಹೇಳಿ ಮುಖ ತಿರುಗಿಸುವಷ್ಟರಲ್ಲಿ ಮೇಣ ಸೀದು, ಅದರ ಸಿಹಿಯೂ ಕಟುವೂ ಆದ ಹೊಗೆ, ನಾನು ಹೆಣ್ಣುಮಕ್ಕಳಿಗೆ ಕುರಾನು ಓದಿಸುವ ಮುಂದಿನ ಕೋಣೆಯವರೆಗೂ ಹಬ್ಬಿತ್ತು. ಮಕ್ಕಳು ಮೂಗು ಮುಚ್ಚಿಕೊಂಡು, "ಆಪಾ, ಸಮ್‌ಥಿಂಗ್ ಈಸ್ ಬರ್ನಿಂಗ್!" ಎಂದು ಕೂಗಿದರು. ನಾನು ಬಾಣಲೆಯನ್ನು ಇಳಿಸಿ ಅಲ್ಲಿಯೇ ನಿಂತುಬಿಟ್ಟೆ. ಆ ಹೊಗೆಯಲ್ಲಿ ಕಾದ ಸೀಸದ ವಾಸನೆಯೊಂದು ಕಡಿಮೆಯಿತ್ತು, ಅಷ್ಟೆ. ಉಳಿದಂತೆ ಕ್ಯಾಲಿಫೋರ್ನಿಯಾದ ಹೇವರ್ಡಿನ ಆ ಬೀದಿ, ಎರಡು ಮನೆಗಳ ನಡುವಿನ ಮರದ ಬೇಲಿ, ಬೇಲಿಯಾಚೆಯ ಗರಾಜು, ಗರಾಜಿನ ಬಾಗಿಲಲ್ಲಿ ಮಡಚುವ ಕುರ್ಚಿ ಹಾಕಿಕೊಂಡು ಕುಳಿತಿದ್ದ ನನ್ನ ಮುತ್ಯಾ, ಎಲ್ಲವೂ ಬಂದು ನನ್ನ ಮುಂದೆ ನಿಂತವು.

ಬಿಜಾಪುರದ ಕಡೆಯ ರೂಢಿಯಂತೆ ತಂದೆಯ ತಂದೆಯನ್ನು ನಾವು ಮುತ್ಯಾ ಎನ್ನುತ್ತಿದ್ದೆವು. ಕೊಲ್ಲಿಯ ಸೇತುವೆಯಾಚೆಯ ಊರುಗಳಲ್ಲಿ ದಿನಕ್ಕೊಂದು ಕಂಪನಿ ಹುಟ್ಟುತ್ತಿದ್ದ ಕಾಲವದು. ಅಬ್ಬಾ ಅಂಥದೊಂದು ಕಂಪನಿಯಲ್ಲಿ ಇಂಜಿನಿಯರಾಗಿದ್ದರು. ಅವರು ಮನೆಯಲ್ಲಿರುತ್ತಿದ್ದುದಕ್ಕಿಂತ ಫ್ರೀವೇ ಮೇಲೆ ಇರುತ್ತಿದ್ದುದೇ ಹೆಚ್ಚು. ಬೆಂಗಳೂರಿನಲ್ಲಿ ಹುಟ್ಟಿ ಬೆಳೆದ ಅಮ್ಮಿ ಡೇಕೇರ್ ಒಂದರಲ್ಲಿ ದುಡಿಯುತ್ತಿದ್ದರು. ಹಾಗಾಗಿ ಶಾಲೆ ಬಿಟ್ಟ ಮೇಲಿನ ನನ್ನ ಬಾಲ್ಯವೆಲ್ಲ ಮುತ್ಯಾನ ಪಾಲಿಗೆ ಬಂದಿತ್ತು. ಅವರು ಊರಿನಲ್ಲಿ ಸಣ್ಣದೊಂದು ಮುದ್ರಣಾಲಯ ನಡೆಸಿದವರು. ಮದುವೆಯ ಕರೆಯೋಲೆ, ಉರುಸಿನ ಕರಪತ್ರ, ಮಠದ ಪುರಾಣ ಪ್ರವಚನದ ಆಮಂತ್ರಣ, ಎಲ್ಲವನ್ನೂ ಕೈಯಾರೆ ಮೊಳೆ ಜೋಡಿಸಿ ಅಚ್ಚು ಹಾಕಿದವರು. ಹೊಸ ಯಂತ್ರಗಳು ಬಂದು ಮುದ್ರಣಾಲಯವೆಲ್ಲ ಗುಜರಿಯ ತೂಕಕ್ಕೆ ಹೋದಾಗ, ಕನ್ನಡದ ಅಚ್ಚುಮೊಳೆಗಳ ಒಂದು ಗಂಟನ್ನು ಮಾತ್ರ ಎದೆಗವುಚಿಕೊಂಡು ಸಮುದ್ರ ದಾಟಿದ್ದರು. ನಾನು ಕನ್ನಡ ಕಲಿತದ್ದು ಆ ಮೊಳೆಗಳಿಂದ. ಮಧ್ಯಾಹ್ನದ ಬಿಸಿಲು ಬೀಳುವ ಮೇಜಿನ ಮೇಲೆ ಅವರು ಪದಗಳನ್ನು ತಿರುಗುಮುರುಗಾಗಿ ಜೋಡಿಸುವರು. ನಾನು ಮಸಿ ಬಳಿದು ಕಾಗದ ಒತ್ತಿ ತೆಗೆದರೆ ಅಕ್ಷರಗಳು ನೇರವಾಗಿ ಎದ್ದು ನಗುವವು. ಮೊದಲು ಬೆರಳಿನಿಂದ ಸವರಿ ಗುರುತಿಸಬೇಕು, ಆಮೇಲೆ ಕಣ್ಣಿನಿಂದ ಓದಬೇಕು ಎಂಬುದು ಅವರು ಹಾಕಿದ್ದ ನಿಯಮ.

ಬೇಲಿಯಾಚೆಯ ಮನೆಯ ಮ್ಯಾನ್ಯುಯೆಲ್ ಹಣ್ಣಿನ ಡಬ್ಬಿಯ ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದವರು, ಪೋರ್ಚುಗೀಸ್ ಮೂಲದವರು, ಹೆಂಡತಿಯನ್ನು ಕಳೆದುಕೊಂಡು ಒಬ್ಬರೇ ಇದ್ದವರು. ಮುತ್ಯಾನ ಬಾಯಲ್ಲಿ ಅವರು ಮೊದಲ ವಾರದಲ್ಲೇ ಮಾನಪ್ಪ ಆದರು. ಅವರಿಗೆ ಮುತ್ಯಾ ಪ್ರೊಫೆಸರ್ ಆದರು. ನಡುವೆ ಮಾತು ಸಾಗಿಸುವವಳು ನಾನು. ಮಾನಪ್ಪನವರ ತಂದೆಯ ಕಾಲದ ರೈಫಲ್ ಒಂದಿತ್ತು. ಹಿಡಿಯ ಕೆಳಗಿನ ಲಿವರನ್ನು ಕೆಳಗೆಳೆದು ಮೇಲೆತ್ತಿದರೆ ಹೊಸ ತೋಟೆ ಬಂದು ಕೂರುವಂಥದು. ಅದಕ್ಕೆ ಬೇಕಾದ ಗುಂಡನ್ನು ಅವರು ಅಂಗಡಿಯಿಂದ ತಂದವರಲ್ಲ. ಟೈರ್ ಅಂಗಡಿಯವರು ಚಕ್ರಗಳಿಂದ ಕಳಚಿ ಬಿಸಾಡಿದ ಸೀಸದ ತುಂಡುಗಳನ್ನು ಕರಗಿಸಿ, ಮೇಣದ ಚೂರು ಹಾಕಿ ಕಲ್ಮಷವನ್ನು ಮೇಲೆಬ್ಬಿಸಿ ತೆಗೆದು, ಕಬ್ಬಿಣದ ಅಚ್ಚಿಗೆ ಹೊಯ್ದು ತಾವೇ ಮಾಡಿಕೊಳ್ಳುತ್ತಿದ್ದರು. ವರ್ಷಕ್ಕೊಂದೇ ಜಿಂಕೆ; ಅದರ ಮಾಂಸವನ್ನು ಬೀದಿಯವರಿಗೆಲ್ಲ ಹಂಚುವುದು ಅವರ ಮನೆತನದ ಪದ್ಧತಿ. ನಾವು ಬಂದ ವರ್ಷ ನಮಗೂ ಒಂದು ಪೊಟ್ಟಣ ಬಂತು, ಮೇಲೆ ಪ್ರೊಫೆಸರಿಗೆ ಎಂದು ಬರೆದಿತ್ತು. ಅಮ್ಮಿ ನಗುನಗುತ್ತ ಇಸಿದುಕೊಂಡರು. ಮರುದಿನ ಮುಂಜಾನೆ ನೋಡಿದರೆ ರಕೂನುಗಳು ನಮ್ಮ ಕಸದ ತೊಟ್ಟಿಯನ್ನು ಉರುಳಿಸಿ, ಆ ಪೊಟ್ಟಣವನ್ನು ಎಳೆದಾಡಿ ಮಾನಪ್ಪನವರ ಮೆಟ್ಟಿಲ ಮುಂದೆಯೇ ಬಿಟ್ಟುಹೋಗಿದ್ದವು. ಅವರು ಬಗ್ಗಿ ಅದನ್ನೆತ್ತಿ, ತಮ್ಮ ಬರಹವನ್ನು ಒಮ್ಮೆ ನೋಡಿ, ಸದ್ದಿಲ್ಲದೆ ನಮ್ಮ ತೊಟ್ಟಿಯೊಳಗೆ ತಿರುಗಿ ಹಾಕಿದ್ದನ್ನು ಕಿಟಕಿಯಿಂದ ಮುತ್ಯಾ ಕಂಡರು.

"ಅವ್ರಿಗೆ ಬೇಜಾರಾಗುತ್ತೆ ಅಂತ ತಗೊಂಡೆ ಮಾವಾ. ನಮಗೆ ಆಗಲ್ಲ ಅಂತ ಮುಖದ ಮೇಲೆ ಹೇಗೆ ಹೇಳ್ಲಿ?" ಎಂದರು ಅಮ್ಮಿ.

"ಈಗ ಹೇಳಿದಂಗ ಆತಲ್ಲವಾ," ಎಂದರು ಮುತ್ಯಾ. ಅಷ್ಟು ಮೆಲ್ಲಗೆ ಅವರು ಮಾತಾಡಿದರೆ ಮನೆಯಲ್ಲಿ ಯಾರೂ ಎದುರಾಡುತ್ತಿರಲಿಲ್ಲ.

ಅಂದೇ ನನ್ನ ಕೈಹಿಡಿದು ಗರಾಜಿಗೆ ಹೋಗಿ ಎಲ್ಲವನ್ನೂ ಬಿಚ್ಚಿ ಹೇಳಿದರು. ಅವರ ಗುರುಗಳು ಕಲಿಸಿದ ಪ್ರಕಾರ ಬೇಟೆಯ ಪ್ರಾಣಿ ಚುಚ್ಚಿದ ಗಾಯದಿಂದ ಸತ್ತರೆ ಉಣ್ಣಬಹುದು, ಜಜ್ಜಿದ ಪೆಟ್ಟಿನಿಂದ ಸತ್ತರೆ ಉಣ್ಣಲಾಗದು. ಬಾಣ ಚುಚ್ಚುತ್ತದೆ, ಕಲ್ಲು ಜಜ್ಜುತ್ತದೆ. ಸೀಸದ ಮೊಂಡುಗುಂಡು ಕಲ್ಲಿನ ಜಾತಿಗೆ ಸೇರಿದ್ದು. ಇನ್ನೂ ಜೀವವಿರುವಾಗ ಕೈಗೆ ಸಿಕ್ಕಿ ದೇವರ ಹೆಸರಿನಲ್ಲಿ ಕತ್ತು ಕೊಯ್ದರೆ ಮಾತು ಬೇರೆ. ಗುಂಡಿನ ಬೇಟೆಯನ್ನು ಒಪ್ಪುವ ವಿದ್ವಾಂಸರೂ ಉಂಟೆಂದು ಅಬ್ಬಾ ಆಮೇಲೆ ವಾದಿಸಿದರು. ಮುತ್ಯಾ ಅವರನ್ನು ತಪ್ಪೆನ್ನಲಿಲ್ಲ. ತಮ್ಮ ಗುರುಗಳನ್ನು ಬಿಡಲೂ ಇಲ್ಲ. ಮಾನಪ್ಪ ಕೆನ್ನೆ ಕೆರೆದುಕೊಳ್ಳುತ್ತ ಎಲ್ಲವನ್ನೂ ಕೇಳಿದರು. "ನನ್ನ ಹೆಂಡತಿ ಹೋದ ಮೇಲೆ ಜಿಂಕೆಯ ಊಟಕ್ಕೆ ನನ್ನ ಎದುರು ಕೂತವರಿಲ್ಲ. ಪ್ರೊಫೆಸರ್ ಕೂರುವಂಥ ಗುಂಡನ್ನು ನಾನು ಮಾಡಿಯೇ ತೀರುತ್ತೇನೆ," ಎಂದರು. ಅದನ್ನು ನಾನು ಒಂದಕ್ಷರ ಬಿಡದೆ ಕನ್ನಡಕ್ಕೆ ತಂದೆ. ಇಬ್ಬರು ಮುದುಕರು ಒಂದು ತಬಕಿನಲ್ಲಿ ಉಣ್ಣಬೇಕು. ಆ ಇಡೀ ವರ್ಷದ ಹಂಬಲ ಅದೊಂದೇ ಆಗಿತ್ತು.

ಮೊನೆಯುಳ್ಳ ಗುಂಡು ಆ ರೈಫಲಿಗೆ ಸಲ್ಲದು. ತೋಟೆಗಳು ಅದರ ನಳಿಗೆಯ ಕೆಳಗಿನ ಕೊಳವೆಯಲ್ಲಿ ಒಂದರ ಹಿಂದೊಂದು ಮಲಗುತ್ತವೆ. ಹಿಂದಿನದರ ಮೊನೆ ಮುಂದಿನದರ ಕೇಪಿಗೆ ತಗುಲಿ ಒತ್ತಿದರೆ ಬೇಟೆಗಾರನ ಕೈಯೇ ಹೋದೀತು. ಮೂತಿ ಚಪ್ಪಟೆಯಾಗಿಯೇ ಇರಬೇಕು. ಬದಲಿಸಬಹುದಾದದ್ದು ಸೀಸದ ಗಡಸುತನವೊಂದೇ. ಗಡುಸಾದರೆ ಒಳಗೆ ಹೋಗಿ ಹರಡದೆ, ಬಾಣದಂತೆ ತೂತು ಮಾಡಿ ಆಚೆ ಹೋದೀತು. ಹೀಗೆ ಶುರುವಾಯಿತು ಅವರ ಸಾಧನೆ. ಕುಲುಮೆ ಉರಿಯುವಾಗ ನನ್ನನ್ನು ಹೊಗೆಯಿಂದ ದೂರ, ನಿಂಬೆಗಿಡದ ಬಳಿ ಕೂರಿಸುತ್ತಿದ್ದರು. ಅಲ್ಲಿಂದಲೇ ನಾನು ಕೂಗಿ ಕೂಗಿ ಮಾತು ದಾಟಿಸಬೇಕು. ಗುಂಡಿಗೆ ಬಳಿಯುವ ಜಿಡ್ಡಿನ ಡಬ್ಬಿಯನ್ನು ಮುತ್ಯಾ ಮೂಸಿ ನೋಡಿ, "ಯಾತರ ಕೊಬ್ಬು ಇದು, ಕೇಳವಾ," ಎಂದರು. ಹಂದಿಯದು ಎಂದು ಉತ್ತರ ಬಂತು. ಮುತ್ಯಾ ಸಿಟ್ಟಾಗುವ ಬದಲು ಹೊಟ್ಟೆ ಹಿಡಿದುಕೊಂಡು ನಕ್ಕರು. "ಇದರ ಸಲುವಾಗಿ ನಮ್ಮ ದೇಶದಾಗ ದೊಡ್ಡ ದಂಗೀನ ಆಗೇತಿ ಅಂತ ಹೇಳು ಮಾನಪ್ಪಗ!" ಸಿಪಾಯಿ ದಂಗೆಯ ಕಥೆಯನ್ನು ಕೇಳಿ ಮಾನಪ್ಪ ಡಬ್ಬಿಯನ್ನು ಅಲ್ಲಿಯೇ ಕಸಕ್ಕೆ ಹಾಕಿ, "ನನ್ನ ಗರಾಜಿನಲ್ಲಿ ದಂಗೆ ಬೇಡಪ್ಪ," ಎಂದು ಜೇನುಮೇಣಕ್ಕೆ ಆಲಿವ್ ಎಣ್ಣೆ ಬೆರೆಸಿ ಹೊಸ ಜಿಡ್ಡು ಮಾಡಿಕೊಂಡರು.

ಆದರೆ ಟೈರ್ ಅಂಗಡಿಯ ಸೀಸ ಗಡುಸಾಗಲೊಲ್ಲದು. ಹೊಯ್ದ ಗುಂಡನ್ನು ಮಾನಪ್ಪ ಸಿಮೆಂಟಿನ ನೆಲದ ಮೇಲೆ ಬೀಳಿಸಿ ಸದ್ದು ಕೇಳುತ್ತಿದ್ದರು. ಮೆತ್ತನೆಯದು ದಪ್ಪೆನ್ನುವುದು, ಗಡಸಿನದು ಟಣ್ಣೆನ್ನುವುದು. "ಹಳೆಯ ಮುದ್ರಣಾಲಯದ ಗಡಸು ಲೋಹ ಸಿಕ್ಕಿದ್ದರೆ!" ಎಂದು ಅವರು ಒಂದು ದಿನ ನಿಟ್ಟುಸಿರಿಟ್ಟರು. ನಾನು ಅದನ್ನು ಕನ್ನಡಿಸಿದೆ. ಮುತ್ಯಾ ಮನೆಗೆ ಬಂದು ಮೊಳೆಗಳ ಗಂಟನ್ನು ಬಿಚ್ಚಿದರು. ಮರುದಿನ, ಪದಗಳ ನಡುವೆ ಜಾಗ ಬಿಡಲು ಇಡುವ ಅಕ್ಷರವಿಲ್ಲದ ಖಾಲಿ ಮೊಳೆಗಳನ್ನೆಲ್ಲ ಆರಿಸಿಕೊಟ್ಟರು. ಅವು ಸಾಲಲಿಲ್ಲ. ಆಮೇಲೆ ಸವೆದ ಅಕ್ಷರಗಳು ಹೋದವು. ಕಡೆಗೊಂದು ಮಧ್ಯಾಹ್ನ ಉಳಿದವನ್ನು ಮೇಜಿನ ಮೇಲೆ ಸುರಿದುಕೊಂಡು, ದೇವರ ಹೆಸರಿಗೆ ಬೇಕಾದವನ್ನು ಬೆಂಕಿಗೆ ಕೊಡಬಾರದೆಂದು ಬೇರ್ಪಡಿಸಲು ಕುಳಿತರು. ಬೇರ್ಪಡಿಸುತ್ತ ಹೋದಂತೆ ಉಳಿಸುವ ರಾಶಿಯೇ ಬೆಳೆಯಿತು. ದೇವರಿಗೆ ಅಷ್ಟೊಂದು ಹೆಸರುಗಳು. ಯಾವ ಅಕ್ಷರವನ್ನೆತ್ತಿಕೊಂಡರೂ ಒಂದಲ್ಲ ಒಂದು ಹೆಸರಿನಲ್ಲಿ ಅದು ಇದ್ದೇ ಇತ್ತು. "ಎಲ್ಲಾ ಅವನವ ಅದಾವ. ಅವನ ಕೆಲಸಕ್ಕ ಹೋಗ್ಲಿ," ಎಂದು ಇಡೀ ರಾಶಿಯನ್ನು ಗಂಟಿಗೆ ತುಂಬಿ ನನ್ನ ಕೈಗಿತ್ತರು. ಆ ಗಂಟು ಎಷ್ಟು ಭಾರವಾಗಿತ್ತೆಂಬುದು ನನ್ನ ಮಣಿಕಟ್ಟಿಗೆ ಇನ್ನೂ ನೆನಪಿದೆ.

ಅಕ್ಷರಗಳು ಸೇರಿದ ಗುಂಡು ಟಣ್ಣೆಂದಿತು. ಆದರೂ ಮಾನಪ್ಪನವರ ಮುಖ ಅರಳಲಿಲ್ಲ. "ಹರಡದ ಗುಂಡು ತಡವಾಗಿ ಕೊಲ್ಲುತ್ತದೆ. ಇದನ್ನು ಪ್ರೊಫೆಸರಿಗೆ ಸರಿಯಾಗಿ ಹೇಳು, ಮಗೂ," ಎಂದರು. ನಾನು ಸರಿಯಾಗಿಯೇ ಹೇಳಿದೆ. ಮುತ್ಯಾನ ಕಣ್ಣುಗಳು ಮಿನುಗಿದವು. "ತಡ ಆದರ ಚಲೋನ ಆತು. ಅಷ್ಟರಾಗ ನಾ ಚೂರಿ ತಗೊಂಡು ಮುಟ್ಟತೀನಿ," ಎಂದರು. ತಡವೆಂದರೆ ಅವರ ಮನಸ್ಸಿನಲ್ಲಿ ಕೆಲವು ಉಸಿರುಗಳಷ್ಟೇ ಇದ್ದವು.

ಬೇಟೆಯ ಕಾಲ ಬಂದಾಗ ಲಿವರ್‌ಮೋರ್ ಎಂಬ ಊರಿನಾಚೆ ಮಾನಪ್ಪನವರ ಗೆಳೆಯರೊಬ್ಬರ ದನಗಾವಲಿಗೆ ಮೂವರೂ ಪಿಕಪ್ಪಿನಲ್ಲಿ ಹೋದೆವು. ಬೆಟ್ಟಗಳೆಲ್ಲ ಒಣಹುಲ್ಲಿನಿಂದ ಸಿಂಹದ ಬಣ್ಣಕ್ಕೆ ತಿರುಗಿದ್ದವು. ಓಕ್ ಮರದ ನೆರಳಿನಿಂದ ಹೊರಬಂದ ಗಂಡು ಜಿಂಕೆಯೊಂದು ತಲೆಯೆತ್ತಿ ನಿಂತಿತು. ಮುತ್ಯಾ ಕಲಿಸಿದ್ದಂತೆ ದೇವರ ಹೆಸರು ಹೇಳಿ ಮಾನಪ್ಪ ಗುಂಡು ಹಾರಿಸಿದರು. ಜಿಂಕೆ ಬೀಳಲಿಲ್ಲ. ನೊಣವೊಂದು ಕಚ್ಚಿತೋ ಎಂಬಂತೆ ಮೈಯನ್ನೊಮ್ಮೆ ನಡುಗಿಸಿ, ದಿಣ್ಣೆಯನ್ನೇರಿ ಓಡಿಹೋಯಿತು. "ನನ್ನ ಹಳೆಯ ಗುಂಡಾಗಿದ್ದರೆ ಅಲ್ಲಿಯೇ ಮಲಗಿರುತ್ತಿತ್ತು," ಎಂದರು ಮಾನಪ್ಪ. ಅದನ್ನು ನಾನು ಕನ್ನಡಕ್ಕೆ ತರಲಿಲ್ಲ, ತರಬೇಕಾಗಿಯೂ ಇರಲಿಲ್ಲ. ಹುಲ್ಲಿನ ಮೇಲೆ ಮೆಣಸಿನ ಕಾಳಿನಷ್ಟು ರಕ್ತದ ಹನಿಗಳನ್ನು ಹುಡುಕುತ್ತ ಹೊರಟೆವು. ನೆರಳು ಕಾಲ ಕೆಳಗಿದ್ದಾಗ ಹೊರಟವರು, ಅದು ನಮಗಿಂತ ಉದ್ದವಾಗುವವರೆಗೆ ನಡೆದೆವು. ಮುತ್ಯಾನ ತುಟಿಗಳು ಸದ್ದಿಲ್ಲದೆ ಜಪಿಸುತ್ತಿದ್ದವು.

ಒಣಗಿದ ಹಳ್ಳವೊಂದರ ತಳದಲ್ಲಿ ಅದು ಬಿದ್ದುಕೊಂಡಿತ್ತು. ಜೀವವಿತ್ತು. ಮೂಗಿನಲ್ಲಿ ಕೆಂಪು ನೊರೆ. ಪಕ್ಕೆಗಳು ಏರುತ್ತ ಇಳಿಯುತ್ತ ಇದ್ದವು. ಕಣ್ಣು ತೆರೆದು ನಮ್ಮನ್ನೇ ನೋಡುತ್ತಿತ್ತು. ಮಾನಪ್ಪ ಲಿವರೆಳೆದು, ಇನ್ನೊಂದು ಗುಂಡಿನಿಂದ ಮುಗಿಸಲು ರೈಫಲನ್ನು ಹೆಗಲಿಗೇರಿಸಿದರು. ಆ ಗುಂಡಿನಿಂದ ಸತ್ತರೆ ವರ್ಷದ ಸಾಧನೆಯೆಲ್ಲ ವ್ಯರ್ಥ. "ಬ್ಯಾಡಂತ ಹೇಳವಾ, ನಿಲ್ಲಂತ ಹೇಳು!" ಎಂದರು ಮುತ್ಯಾ. ನಾನು, "ವೇಟ್, ಪ್ಲೀಸ್ ವೇಟ್," ಎಂದೆ. ಮಾನಪ್ಪ ನನ್ನ ಮುಖ ನೋಡಿದರು, ರೈಫಲ್ ಇಳಿಯಿತು.

ಮುತ್ಯಾ ಮೊಣಕಾಲು ಬಾಗದ ಮುದುಕರು. ಕಡಿದಾದ ದಂಡೆಯಲ್ಲಿ ಕುಳಿತು ಜಾರುತ್ತ, ಬೇರು ಹಿಡಿಯುತ್ತ, ನಿಂತು ದಮ್ಮು ತೆಗೆದುಕೊಳ್ಳುತ್ತ ಇಳಿದರು. ಪ್ರಾಣಿಯ ಕಣ್ಣಿಗೆ ಚೂರಿ ಬೀಳಬಾರದು, ಅದು ಹೆದರಬಾರದು, ಎಂಬುದು ಧರ್ಮದ ಕರುಣೆ. ಆದ್ದರಿಂದ ಚೂರಿಯನ್ನು ಬೆನ್ನ ಹಿಂದೆ ಅಡಗಿಸಿ ಹಿಡಿದಿದ್ದರು. ಇಡೀ ಮಧ್ಯಾಹ್ನ ಸಾವನ್ನು ಹೊತ್ತು ನಡೆದ ಆ ಜೀವದಿಂದ ಅವರು ಚೂರಿಯನ್ನು ಮರೆಮಾಡುತ್ತಿದ್ದರು. ಮೆಕ್ಕಾದತ್ತ, ಕಿಬ್ಲಾದ ದಿಕ್ಕಿಗೆ ಕತ್ತು ತಿರುಗಿಸಹೋದಾಗ ಜಿಂಕೆ ಏಳಲು ಯತ್ನಿಸಿತು. ಮುತ್ಯಾ ಅದರ ಪಕ್ಕದಲ್ಲಿ ಕುಸಿದು, ಕೈಯನ್ನು ಅದರ ಹಣೆಯ ಮೇಲಿಟ್ಟು, ಮಗುವಿಗೆ ಹೇಳುವಂತೆ ಏನನ್ನೋ ಹೇಳಿದರು. ಆಮೇಲೆ ಬಿಸ್ಮಿಲ್ಲಾ ಎಂದರು.

ಮಾಂಸ ಶುದ್ಧವಾಗಿತ್ತು, ನಿಯಮದಲ್ಲಿ ಎಳ್ಳಷ್ಟೂ ಲೋಪವಿರಲಿಲ್ಲ. ಅಮ್ಮಿ ಬೆಂಗಳೂರಿನ ಮದುವೆಮನೆಯ ರೀತಿಯಲ್ಲಿ ಮಸಾಲೆ ಅರೆದು ಬೇಯಿಸಿದರು. ಕಂಪನಿಯ ಹೊಸ ಉತ್ಪನ್ನದ ಲಾಂಚು ಹತ್ತಿರವಿದ್ದರೂ ಅಬ್ಬಾ ಅಂದು ಬೇಗ ಬಂದರು. ಮಾನಪ್ಪ ಇಸ್ತ್ರಿ ಮಾಡಿದ ಅಂಗಿ ತೊಟ್ಟು, ನೆಲದ ಮೇಲೆ ಊಟಕ್ಕೆಂದು ಹಾಸಿದ ದಸ್ತರ್‌ಖಾನಿನ ಎದುರು ಕಷ್ಟಪಟ್ಟು ಕಾಲು ಮಡಚಿ ಕೂತರು. ಒಂದೇ ತಬಕು. ಮುತ್ಯಾ ತುತ್ತನ್ನು ಮುಟ್ಟಿದರು, ಎತ್ತಲಿಲ್ಲ. ಎದುರಿನ ಕೈಯೂ ಅಲ್ಲಿಯೇ ನಿಂತಿತ್ತು. ಇಬ್ಬರೂ ಒಬ್ಬರನ್ನೊಬ್ಬರು ನೋಡಿಕೊಂಡರು. ಆ ಒಂದು ಸಲ ಅವರ ನಡುವೆ ನನ್ನ ಅಗತ್ಯ ಬೀಳಲಿಲ್ಲ. ಉಳಿದ ನಾವು ಉಂಡೆವು. ಅದು ಬಹಳ ರುಚಿಯಾಗಿತ್ತು. ಆ ರುಚಿಯನ್ನು ನನ್ನ ನಾಲಿಗೆ ಮರೆಯಲೆಂದು ಎಷ್ಟು ಸಲ ಬೇಡಿಕೊಂಡಿದ್ದೇನೆ, ಮರೆತಿಲ್ಲ.

ಅದಾದ ಮೇಲೆ ಮುತ್ಯಾ ಕಾರಣ ಹೇಳದೆ ಉಪವಾಸಗಳನ್ನು ಹಿಡಿದರು. ಒಮ್ಮೆ ಮಾತ್ರ, ನಮಾಜಿಗೆ ಮುನ್ನ ಕೈಕಾಲು ತೊಳೆದು ವುಜೂ ಮಾಡಲು ನೀರು ಕೊಡುತ್ತಿದ್ದ ನನಗೆ, "ಕಾಯಿದೆ ದೇವರದು ಯವ್ವಾ. ಚಿಗರಿ ಜೀವಾನೂ ಅವಂದ. ನಡುವ ನನ್ನ ಜಂಬ ಬಂದು ಕುಂತಿತ್ತು," ಎಂದರು. ಮಾನಪ್ಪ ಮತ್ತೆ ಬೇಟೆಗೆ ಹೋಗಲಿಲ್ಲ. ಬೇಲಿಯ ಮೇಲಿಂದ ನಿಂಬೆಹಣ್ಣು ಬರುತ್ತಿತ್ತು, ನಮ್ಮ ಕಡೆಯಿಂದ ಜೋಳದ ರೊಟ್ಟಿ ಹೋಗುತ್ತಿತ್ತು. ಗರಾಜಿನ ಕುಲುಮೆ ಮಾತ್ರ ತಣ್ಣಗಾಗಿತ್ತು. ಮುಂದೆ ಅಬ್ಬಾನ ಕಂಪನಿ ಬಾಗಿಲು ಹಾಕಿತು, ಮನೆ ಕೈತಪ್ಪಿತು. ನಾವು ಅಪಾರ್ಟ್‌ಮೆಂಟಿಗೆ ಹೊರಟ ದಿನ ಮಾನಪ್ಪ ಒಂದು ಗಾಜಿನ ಭರಣಿಯನ್ನು ತಂದುಕೊಟ್ಟರು. "ಪ್ರೊಫೆಸರರ ಅಕ್ಷರಗಳು," ಎಂದರು. ಉಳಿದ ಗುಂಡುಗಳನ್ನು ಅವರು ಕರಗಿಸಿಯೂ ಇರಲಿಲ್ಲ, ಹಾರಿಸಿಯೂ ಇರಲಿಲ್ಲ. ಮುತ್ಯಾ ಅವನ್ನು ಮೊಳೆಗಳಿದ್ದ ಅದೇ ಗಂಟಿಗೆ ಸುರಿದುಕೊಂಡರು. ಮುತ್ಯಾ ತೀರಿಕೊಂಡಾಗ ಅವರ ಮಣ್ಣು ಆದದ್ದು ಲಿವರ್‌ಮೋರಿನ ಕಬರಸ್ತಾನದಲ್ಲಿ, ಆ ಸಿಂಹವರ್ಣದ ಬೆಟ್ಟಗಳು ಕಾಣುವಲ್ಲಿ. ಟೋಪಿ ತೆಗೆದು ಬಂದಿದ್ದ ಮಾನಪ್ಪ ಎಲ್ಲರಂತೆ ಮೂರು ಹಿಡಿ ಮಣ್ಣು ಹಾಕಿದರು. ಈಗ ಅವರೂ ಇಲ್ಲ. ಎರಡೂ ಮನೆಗಳಲ್ಲಿ ಯಾರಿದ್ದಾರೋ ನನಗೆ ಗೊತ್ತಿಲ್ಲ.

ಪ್ರಾಣಿಯನ್ನು ಕೊಯ್ಯುವ ಕ್ರಮದ, ಜಬಹದ, ಪಾಠ ಬಂದಾಗ ನಾನು ಮಕ್ಕಳಿಗೆ ಹೇಳುತ್ತೇನೆ: ಚೂರಿ ಹರಿತವಿರಲಿ, ಪ್ರಾಣಿ ಅದನ್ನು ಕಾಣದಿರಲಿ, ತಡ ಮಾಡಬೇಡಿ. ಕಡೆಯ ಮಾತನ್ನು ನಾನು ಎರಡು ಸಲ ಹೇಳುವುದನ್ನು ಅವರು ನನ್ನ ಮರೆವು ಎಂದುಕೊಳ್ಳುತ್ತಾರೆ. ಮೊನ್ನೆ ಮಕ್ಕಳೆಲ್ಲ ಹೋದ ಮೇಲೆ, ಮೇಣದ ಹೊಗೆ ಇನ್ನೂ ಮನೆಯಲ್ಲಿರುವಾಗಲೇ, ಮುತ್ಯಾ ನನಗೆ ಬಿಟ್ಟುಹೋದ ಗಂಟನ್ನು ಬಿಚ್ಚಿದೆ. ಮುತ್ಯಾನ ನಿಯಮದಂತೆ ಕಣ್ಣುಮುಚ್ಚಿ ಒಳಗೆ ಕೈಯಿಟ್ಟೆ. ಸಿಕ್ಕಿದ್ದೆಲ್ಲ ಒಂದೇ ಆಕಾರದ, ನುಣುಪಾದ, ತಣ್ಣಗಿನ ಸೀಸ. ಆದರೂ ಬೆರಳು ಅಕ್ಷರವನ್ನು ಹುಡುಕುತ್ತ ಬಹಳ ಹೊತ್ತು ಸವರುತ್ತಲೇ ಇತ್ತು.