ಆಡಿ ತಿಂಗಳಿಗೆ ಒಯ್ದ ಕಾಗದದ ಕೊಡೆಗಳು

ಶನಿವಾರ ಬೆಳಿಗ್ಗೆ ಬೆಂಗಳೂರಿನಲ್ಲಿ ಚೆನ್ನೈ ರೈಲು ಹತ್ತಿದಾಗ ನನ್ನ ಮಡಿಲಲ್ಲಿ ಇಪ್ಪತ್ತು ಕಾಗದದ ಕೊಡೆಗಳಿದ್ದವು. ತಿಪಟೂರು ಬಳಿಯ ನಮ್ಮ ಪ್ರಾಥಮಿಕ ಶಾಲೆಯಲ್ಲಿ ಪ್ರತಿ ಜುಲೈ ತಿಂಗಳು ನಾನು ಮಾಡಿಸುವ ಚಟುವಟಿಕೆ ಅದು. ಬಣ್ಣದ ಕಾಗದದ ಕೊಡೆಯ ಒಂದೊಂದು ಮಡಿಕೆಯ ಮೇಲೂ ಮಳೆಯ ಬಗ್ಗೆ ಒಂದೊಂದು ವಾಕ್ಯ ಬರೆದು, ಗೋಡೆಗೆ ತೂಗುಹಾಕಿ ಎಲ್ಲರೂ ಓದುವುದು. ಚಳಿಗಾಲಕ್ಕೆ ಅವರೆಕಾಯಿ, ಬೇಸಿಗೆಗೆ ಮಾವಿನಹಣ್ಣು, ಮಳೆಗಾಲಕ್ಕೆ ಕೊಡೆ. ಹತ್ತು ವರ್ಷದಲ್ಲಿ ಒಮ್ಮೆಯೂ ಕೈಕೊಟ್ಟಿರಲಿಲ್ಲ, ಹಾಗಾಗಿ ನನಗೆ ಸ್ವಲ್ಪ ಜಂಬವೂ ಇತ್ತು.

ಕರೆದವರು ವಸಂತಕ್ಕ. ನನ್ನ ಜೊತೆ ಪಾಠ ಮಾಡುವ ಟೀಚರೊಬ್ಬರ ಚಿಕ್ಕಮ್ಮ, ಉಡುಪಿ ಕಡೆಯವರು. ತಾಂಬರಂನಲ್ಲಿ ಅವರ ಮನೆಯವರದೊಂದು ಸಸ್ಯಾಹಾರಿ ಹೋಟೆಲು. ಅದರ ಮಹಡಿಯ ಹಾಲ್‌ನಲ್ಲಿ ಪ್ರತಿ ಭಾನುವಾರ ಅಲ್ಲಿನ ಕನ್ನಡದ ಮನೆಗಳ ಮಕ್ಕಳಿಗೆ ಓದು ಬರಹ ಕಲಿಸುತ್ತಾರೆ. ಫೋನಿನಲ್ಲಿ ಅವರ ದನಿ ಇಳಿದುಹೋಗಿತ್ತು.

"ಅಕ್ಷರ ಎಲ್ಲ ಬರ್ತದೆ ಟೀಚರೇ. ಆದ್ರೆ ಸ್ವಂತದ್ದೊಂದು ಸಾಲು ಬರಿ ಅಂದ್ರೆ ಪೆನ್ಸಿಲ್ ಕಚ್ಚಿಕೊಂಡು ಕೂತ್ಕೊಳ್ತಾರೆ. ಏನು ಕೇಳಿದ್ರೂ ತಮಿಳಲ್ಲೇ ಉತ್ತರ. ಅಪ್ಪ ಅಮ್ಮಂದಿರಿಗೂ ಸಾಕಾಗಿದೆ. ಈ ಭಾನುವಾರ ಹನ್ನೆರಡು ಗಂಟೆಗೆ ಬಂದು ನೋಡ್ತಾರಂತೆ. ಮಕ್ಕಳು ಏನಾದ್ರೂ ಬರ್ದು ಓದಿದ್ರೆ ಕ್ಲಾಸು ಉಂಟು. ಇಲ್ಲದಿದ್ರೆ ಬರುವ ತಿಂಗಳಿಂದ ಅದೇ ಹಾಲಲ್ಲಿ ಅಬಾಕಸ್ ಅಂತೆ."

ಬೆಂಗಳೂರಿನಲ್ಲಿ ಜಿನುಗುತ್ತಿದ್ದ ಮಳೆ ಜೋಲಾರಪೇಟೆಗೆ ಬರುವಷ್ಟರಲ್ಲಿ ನಿಂತಿತ್ತು. ಅಲ್ಲಿ ಕೊಂಡ ಮಸಾಲೆ ವಡೆ ಚೆನ್ನಾಗಿತ್ತು, ಎರಡನೇ ಸಲವೂ ಕೊಂಡೆ. ಕಾಟ್ಪಾಡಿಯಲ್ಲಿ ಸ್ವೆಟರ್ ಕಳಚಿ ಚೀಲಕ್ಕೆ ತುರುಕಬೇಕಾಯಿತು. ಎದುರು ಕೂತಿದ್ದ ತಮಿಳು ಹೆಂಗಸೊಬ್ಬರು ಕೊಡೆಗಳನ್ನೂ ನನ್ನನ್ನೂ ನೋಡಿ ನೋಡಿ ನಗುತ್ತಿದ್ದರು. ಮೆಚ್ಚಿಕೊಂಡಿದ್ದಾರೆ ಅಂದುಕೊಂಡು ನಾನೂ ನಕ್ಕೆ. ಆ ನಗು ಯಾಕೆಂದು ನನಗೆ ಗೊತ್ತಾಗಲು ಒಂದು ದಿನ ಬೇಕಾಯಿತು.

ಮಧ್ಯಾಹ್ನ ಸೆಂಟ್ರಲ್‌ನಲ್ಲಿ ಇಳಿದಾಗ ನೆಲವೇ ಕುದಿಯುತ್ತಿತ್ತು. ಸುರಂಗದಾರಿಯಲ್ಲಿ ರಸ್ತೆ ದಾಟಿ ಪಾರ್ಕ್ ಸ್ಟೇಷನ್ನಿಗೆ ಹೋಗಿ, ಹತ್ತು ರೂಪಾಯಿ ಕೊಟ್ಟು ತಾಂಬರಂಗೆ ಎಲೆಕ್ಟ್ರಿಕ್ ಟ್ರೈನ್ ಹಿಡಿದೆ. ಸುಮಾರು ಒಂದು ಗಂಟೆಯ ದಾರಿ. ಕಿಟಕಿಯಿಂದ ಬಂದ ಬಿಸಿಗಾಳಿಗೆ ಎರಡು ಕೊಡೆ ಹಾರಿಹೋದವು. ಸ್ಟೇಷನ್ನಿಗೆ ಬಂದಿದ್ದ ವಸಂತಕ್ಕ ಉಳಿದ ಹದಿನೆಂಟನ್ನು ನೋಡಿ ಏನೋ ಹೇಳಲು ಬಾಯಿ ತೆರೆದು, "ಮೊದಲು ಮಜ್ಜಿಗೆ ಕುಡೀರಿ ಮಾರಾಯ್ರೆ" ಎಂದಷ್ಟೇ ಹೇಳಿದರು.

ಭಾನುವಾರ ಹತ್ತಕ್ಕೆ ಒಂಬತ್ತು ಮಕ್ಕಳು ಬಂದು ಕೂತವು. ನಮ್ಮ ಆಷಾಢದ ಹೊತ್ತಿಗೆ ಅವರಿಗೆ ಆಡಿ ತಿಂಗಳು. ಬೀದಿ ಕೊನೆಯ ಅಮ್ಮನ ಗುಡಿಯ ಮೈಕು ಕಿವಿ ಹರಿಯುವಂತೆ ಹಾಡುತ್ತಿತ್ತು. ನಾನು ಕೊಡೆಗಳನ್ನು ಹಂಚಿ ಉತ್ಸಾಹದಿಂದ ಶುರುಮಾಡಿದೆ. "ಈಗ ಮಳೆಗಾಲ ಅಲ್ವಾ ಮಕ್ಕಳೇ? ಬೆಳಿಗ್ಗೆ ಎದ್ದಾಗ ಹೊರಗೆ ಏನು ಸದ್ದು ಕೇಳಿಸುತ್ತೆ?"

ಮಕ್ಕಳು ಮುಖ ಮುಖ ನೋಡಿಕೊಂಡರು. ನಾಲ್ಕನೇ ಕ್ಲಾಸಿನ ಅನ್ವಿತಾ ಮೆಲ್ಲಗೆ ತಮಿಳಿನಲ್ಲೇ ಕೇಳಿದಳು, "ಮಿಸ್, ಜುಲೈಲ ಮಳೈಯಾ?"

ಇಡೀ ಹಾಲ್ ಗೊಳ್ಳೆಂದು ನಕ್ಕಿತು. ಕಿಟಕಿಯಾಚೆ ಬಿಸಿಲು ಕಣ್ಣು ಕುಕ್ಕುತ್ತಿತ್ತು. ಅವರ ಮಳೆ ಬರುವುದು ದೀಪಾವಳಿಯ ಆಸುಪಾಸಿಗಂತೆ. ಈಗಲೂ ಕೆಲವು ಸಂಜೆ ಗುಡುಗಿ ಸುರಿಯುವುದುಂಟು, ಆದರೆ ಅದು ಮಳೆಯ ಲೆಕ್ಕಕ್ಕಿಲ್ಲ. "ಅದುಕ್ಕೆಲ್ಲಾಂ ಲೀವ್ ವಿಡಮಾಟ್ಟಾಂಗ" ಎಂದು ಒಬ್ಬ ವಿವರಿಸಿದ. ಶಾಲೆಗೆ ರಜೆ ಕೊಡಿಸದ್ದು ಎಂಥ ಮಳೆ!

ನನ್ನ ಮುಖ ಬಾಡಿಹೋಯಿತು. ಹತ್ತು ವರ್ಷ ಋತುಗಳ ಪಾಠ ಮಾಡಿದವಳಿಗೆ, ಐನೂರು ಕಿಲೋಮೀಟರಿನಾಚೆ ಮಳೆಗಾಲವೇ ಬೇರೆ ಎಂಬುದು ಹೊಳೆದಿರಲಿಲ್ಲ. ವಸಂತಕ್ಕ ಗೋಡೆ ಗಡಿಯಾರ ನೋಡಿದರು. ಹತ್ತೂ ಮುಕ್ಕಾಲು. ಉಪಾಯ ಒಂದೂ ತೋಚದೆ ನಿಜವನ್ನೇ ಹೇಳಿಬಿಟ್ಟೆ.

"ತಪ್ಪು ಮಾಡ್ಬಿಟ್ಟೆ ಮಕ್ಕಳೇ. ನಮ್ಮೂರಿನ ಮಳೆನ ಇಲ್ಲಿಗೆ ಹೊತ್ಕೊಂಡು ಬಂದಿದೀನಿ. ಈಗ ವಾಪಸ್ ಹೋದ್ರೆ ನಮ್ಮ ನಾಲ್ಕನೇ ಕ್ಲಾಸಿನವರು ಕೇಳ್ತಾರೆ, ಚೆನ್ನೈ ಮಳೆ ಹೆಂಗಿರುತ್ತೆ ಟೀಚರ್ ಅಂತ. ನಂಗೆ ಗೊತ್ತಿಲ್ಲ. ನಿಮ್ಮ ಕೈಲಿ ಹೇಳಿಸಿ ಕಳಿಸೋಣ ಅಂದ್ರೆ ಅವರಿಗೆ ತಮಿಳು ಬರಲ್ಲ."

"ಇಂಗ್ಲಿಷ್?" ಎಂದಳು ಅನ್ವಿತಾ.

"ಅದೂ ಅಷ್ಟಕ್ಕಷ್ಟೆ."

"ಅಯ್ಯೋ, ಪಾವಂ!" ಅವಳಿಗೆ ನಿಜವಾಗಿಯೂ ಮರುಕ ಬಂತು. ಸ್ವಲ್ಪ ಯೋಚಿಸಿ, ಬೆಳಗಿನಿಂದ ಮೊದಲ ಸಲ ಕನ್ನಡದಲ್ಲಿ ಹೇಳಿದಳು, "ಹಾಗಾದ್ರೆ ನಾನು ಬರೆದು ಕೊಡ್ತೀನಿ ಮಿಸ್. ಅವರು ಓದ್ಲಿ."

ಆಮೇಲೆ ನಡೆದದ್ದನ್ನು ನೆನೆದರೆ ಈಗಲೂ ಖುಷಿಯಾಗುತ್ತದೆ. ಒಂಬತ್ತೂ ಮಕ್ಕಳು ನೆಲದ ಮೇಲೆ ಬೋರಲು ಬಿದ್ದು ಬರೆದವು. ಒಬ್ಬರಿಗೆ ಒಂದು ಪದ ಬೇಕು, ಇನ್ನೊಬ್ಬರಿಗೆ ಒತ್ತಕ್ಷರ. ವಸಂತಕ್ಕ ಸೆರಗು ಸಿಕ್ಕಿಸಿಕೊಂಡು ಆ ಮೂಲೆಯಿಂದ ಈ ಮೂಲೆಗೆ ಓಡಿದರು. ನಡುನಡುವೆ ತಮಿಳು ಪದ ನುಸುಳಿದ್ದನ್ನು ನಾನು ತಿದ್ದಲಿಲ್ಲ. ಕೊಡೆಗಳ ಮೇಲೆ ಜಾಗ ಸಾಲದೆ ಹೋಟೆಲಿನ ಬಿಲ್ಲುಗಳ ಹಿಂಬದಿಯೂ ತುಂಬಿತು.

ಹನ್ನೆರಡಕ್ಕೆ ತಂದೆತಾಯಂದಿರು ಬಂದು ಗೋಡೆಗೊರಗಿ ನಿಂತರು. ಮುಂದೆ ನಿಂತವರು ಅನ್ವಿತಾಳ ಅಪ್ಪ ಶಿವಾನಂದ, ಗದಗ ಕಡೆಯ ಬಟ್ಟೆ ವ್ಯಾಪಾರಿ. ಅಬಾಕಸ್ ಸಲಹೆ ಅವರದೇ. ಅನ್ವಿತಾ ಎದ್ದು ನಿಂತು, ಸಾಲಿನ ಮೇಲೆ ಬೆರಳಿಟ್ಟುಕೊಂಡು ಓದಿದಳು:

"ನಮ್ಮ ಮಳೆ ನವೆಂಬರಲ್ಲಿ ಬರತ್ತೆ. ಬೆಳಿಗ್ಗೆ ಆರು ಗಂಟೆಗೆ ನಾನು ಟಿವಿ ಮುಂದೆ ಕೂತ್ಕೋತೀನಿ. ಕಲೆಕ್ಟರ್ ಲೀವ್ ಅಂತ ಹೇಳಬೇಕು. ಪಕ್ಕದ ಜಿಲ್ಲೆಗೆ ಹೇಳಿ ನಮಗೆ ಹೇಳಲಿಲ್ಲ ಅಂದ್ರೆ ಅಳು ಬರತ್ತೆ. ಹೇಳಿದ್ರೆ ಅಪ್ಪನೂ ಅಂಗಡಿ ತೆಗೆಯಲ್ಲ. ಬಜ್ಜಿ ಮಾಡ್ತಾರೆ. ಅವತ್ತು ಅಪ್ಪ ಪೂರ್ತಿ ದಿನ ನನ್ನ ಜೊತೆ ಇರ್ತಾರೆ. ಅದಕ್ಕೆ ನನಗೆ ಮಳೆ ಇಷ್ಟ. ನಿಮ್ಮ ಮಳೆಗೆ ಲೀವ್ ಇದೆಯಾ? ಉತ್ತರ ಬರೀರಿ. ನಾವು ಭಾನುವಾರ ಇಲ್ಲೇ ಕಾಯ್ತಾ ಇರ್ತೀವಿ."

ಶಿವಾನಂದ ಕರ್ಚೀಫು ತೆಗೆದು ಮುಖ ಒರೆಸಿಕೊಂಡರು. ಸೆಖೆಗಂತೂ ಅಲ್ಲ.

"ಇನ್ನೊಮ್ಮೆ ಓದವಾ" ಎಂದರು. ಅವಳು ಇನ್ನೊಮ್ಮೆ ಓದಿದಳು. ಅವರು ನನ್ನ ಕಡೆ ತಿರುಗಿದರು. "ನಿಮ್ಮೂರಿಂದ ಪೋಸ್ಟ್ ಎಷ್ಟ ದಿನಕ್ಕ ಬರ್ತೈತ್ರಿ ಟೀಚರ್?"

"ನಾಲ್ಕು ದಿನ ಸಾಕು."

"ಹಂಗಾದ್ರ ಬರೂ ಐತವಾರ ಕ್ಲಾಸ್ ಇರಾಕಬೇಕಲ್ರಿ" ಎಂದು ಅವರು ಉಳಿದವರನ್ನು ನೋಡಿದರು. ಯಾರೂ ಅಬಾಕಸ್ ಮಾತೆತ್ತಲಿಲ್ಲ. ವಸಂತಕ್ಕ ಮೆಟ್ಟಿಲಿನತ್ತ ಬಗ್ಗಿ, ಎಲ್ಲರಿಗೂ ಕೇಸರಿಬಾತ್ ಕಳಿಸುವಂತೆ ಅಡುಗೆಮನೆಗೆ ಕೂಗಿದರು.

ಸೋಮವಾರ ಬೆಳಿಗ್ಗೆ ಹೊರಟು, ಮಂಗಳವಾರ ಸೋನೆಮಳೆಯಲ್ಲಿ ಶಾಲೆಗೆ ಬಂದೆ. ಪತ್ರಗಳನ್ನು ಓದಿದಾಗ ನಮ್ಮ ಮಕ್ಕಳು "ಮಳೆಗೂ ರಜವಾ?" ಎಂದು ಹೊಟ್ಟೆಕಿಚ್ಚಿನಿಂದ ಕುದಿದುಹೋದರು. ಒಂಬತ್ತು ಉತ್ತರ ಬರೆಸಿ ಅಂದೇ ಅಂಚೆಗೆ ಹಾಕಿಸಿದೆ.

ಭಾನುವಾರ ಹತ್ತೂವರೆಗೆ ವಸಂತಕ್ಕನ ಫೋನು ಬಂತು. ಹಿಂದೆ ಸಂತೆಯಂಥ ಗದ್ದಲ.

"ಎಂತ ಮಾಡುದು ಟೀಚರೇ ಈಗ? ಇವರು ಶಾಲೆಯಲ್ಲೆಲ್ಲ ಹೇಳಿಕೊಂಡು ಬಂದಿದ್ದಾರೆ. ಹದಿನಾಲ್ಕು ಮಕ್ಕಳು ಬಂದು ಕೂತಿವೆ. ಇನ್ನೂ ಐದು ಕಾಗದ ಬೇಕು!"