ಕರಿ ಡಬ್ಬಿ, ಬಿಳಿ ಡಬ್ಬಿ

ನಾನು ವಿಡಿಯೋ ಗೇಮ್ ಆಡುವವನಲ್ಲ. ಟಿವಿಗೆ ಜೋಡಿಸುವ ಗೇಮ್ ಡಬ್ಬಿಗಳ ಬಗ್ಗೆ ವಾದ ಮಾಡುವವನು. ಬೆಳಗಾವಿಯ ನಮ್ಮ ಮನೆಯಲ್ಲಿರುವುದು ಬಿಳಿ ಡಬ್ಬಿ. ಖಾನಾಪುರದಲ್ಲಿರುವ ಹೆಂಡತಿಯ ಅಣ್ಣ ಪರಶುರಾಮನ ಬಳಿ ಎದುರಾಳಿ ಕಂಪನಿಯ ಕರಿ ಡಬ್ಬಿ. ವೈರಕ್ಕೆ ಇನ್ನೇನು ಬೇಕು?

ಉದ್ಯಮಬಾಗದ ಕಾರ್ಖಾನೆಯೊಂದರಲ್ಲಿ ಕಬ್ಬಿಣದ ಬಿಡಿಭಾಗಗಳನ್ನು ಅಳೆದು ಪಾಸು-ಫೇಲು ಮಾಡುವುದು ನನ್ನ ನೌಕರಿ. ಆ ಚಟ ಮನೆಗೂ ಬಂದಿದೆ. ಆಟ ಬೇಗ ತೆರೆದುಕೊಳ್ಳುವುದರಲ್ಲಿ ನನ್ನ ಡಬ್ಬಿ ಮುಂದು, ಚಿತ್ರ ಮೂಡಿಸುವ ಬಲದಲ್ಲಿ ಅವನದು. "ನಿಮ್ದು ಟೆರಾಫ್ಲಾಪ್ ಕಡಿಮಿ ಐತ್ರಿ ಅಳಿಯಾರ" ಎಂದು ಅವನು ಊಟದ ನಡುವೆ ಅಂದರೆ ನಾನು ತುತ್ತು ಬಿಟ್ಟು ವಾದಕ್ಕಿಳಿಯುತ್ತಿದ್ದೆ. ಟೆರಾಫ್ಲಾಪ್ ಎಂದರೇನೆಂದು ಇಬ್ಬರಿಗೂ ಗೊತ್ತಿಲ್ಲ. ಹೆಚ್ಚಿದ್ದರೆ ಒಳ್ಳೆಯದು, ಅಷ್ಟೇ, ಬಿಪಿಯ ಹಾಗಲ್ಲ.

ತಮಾಷೆಯೆಂದರೆ, ಎರಡರ ಹೊಟ್ಟೆಯಲ್ಲೂ ಇರುವ ಚಿಪ್ ಒಂದೇ ಕಂಪನಿಯದು. ಬಾಯಿ ಬಿಟ್ಟರೆ ವಾದವೇ ಮುಗಿದುಹೋದೀತೆಂದು ಇಬ್ಬರೂ ಸುಮ್ಮನಿದ್ದೆವು. ಅಂಗಡಿಯ ಬೋರ್ಡು ಯಾವ ಭಾಷೆಯಲ್ಲಿರಬೇಕೆಂದು ಗುದ್ದಾಡಿ, ಆಮೇಲೆ ಅದೇ ಅಂಗಡಿಯಲ್ಲಿ ಕೂಡಿ ಚಹಾ ಕುಡಿಯುವ ಸೀಮೆ ನಮ್ಮದು. ಡಬ್ಬಿಯೊಳಗಿನ ಮದರ್‌ಬೋರ್ಡಿಗೆ ಗುದ್ದಾಡುವುದು ಏನು ಮಹಾ! ಆದರೆ ನಾವು ಚಹಾವನ್ನೂ ಬಿಟ್ಟೆವು. ನನ್ನ ಡಬ್ಬಿಯ ಗಾತ್ರ ನೋಡಿ ಅವನು "ರವಿವಾರ ಪೇಟೆ ಬಜಾರದ ಅಕ್ಕಿ ಚೀಲ" ಎಂದ ದಿನ ನಾನು ಅರ್ಧ ಊಟಕ್ಕೇ ಕೈ ತೊಳೆದು ಎದ್ದೆ. ಖಾನಾಪುರದ ದಾರಿ ಬಂದ್ ಆಯಿತು. ಹೆಂಡತಿ ಸುಮಿತ್ರಾಳಿಗೆ ತವರು ತಪ್ಪಿತು.

ಮೊನ್ನೆ ರವಿವಾರ ಮಧ್ಯಾಹ್ನ ನಿದ್ದೆಯಿಂದೆದ್ದು ಬಂದರೆ, ಸುಮಿತ್ರಾ ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು ಟಿವಿಯಲ್ಲಿ ಕಾರು ಓಡಿಸುತ್ತಿದ್ದಾಳೆ! "ವೈನಿ, ಬಾಜು ಸರೀರಿ, ಇಲ್ಲಾಂದ್ರ ಹಾಯ್ತೀನಿ ನೋಡ್ರಿ!" ವೈನಿ ಎಂದರೆ ಅವಳ ಅತ್ತಿಗೆ, ಖಾನಾಪುರದಲ್ಲಿರುವ ಪರಶುರಾಮನ ಹೆಂಡತಿ.

"ಅವರದು ಕರಿ ಡಬ್ಬಿ, ನಮ್ದು ಬಿಳೇದು. ಕೂಡಿ ಆಡಾಕ ಬರತೈತೇನು?" ಎಂದೆ.

"ಇಂಟರ್ನೆಟ್ ಮ್ಯಾಲೆ ಯಾವಾಗಿಂದೋ ಬರತೈತ್ರಿ. ನೀವು ಡ್ಯೂಟಿಗೆ ಹೋದ ಮ್ಯಾಲೆ ದಿನಾ ಆಡ್ತೀವಿ. ಆಡಕೋತ ತವರಮನಿ ಸುದ್ದಿನೂ ಆಗತೈತಿ. ನಿಮ್ಮಿಬ್ಬರದು ಡಬ್ಬಿ ಅಳೆಯೂದು ಮುಗೀತೇನ್ರಿ?"

ನಾನು ಅವಳ ಪಕ್ಕ ಕುಳಿತೆ. ಅವಳು ಹೆಡ್‌ಫೋನನ್ನೂ ಆಟದ ರಿಮೋಟನ್ನೂ ನನ್ನ ಕೈಗಿಟ್ಟಳು. ಆ ಕಡೆ ವೈನಿಯೂ ಹಾಗೆಯೇ ಮಾಡಿರಬೇಕು. ಪರಿಚಯದ ಕೆಮ್ಮು ಕೇಳಿಸಿತು. ಆಮೇಲೆ ಬಹಳ ಮೆಲ್ಲಗೆ,

"ಅಳಿಯಾರ, ಗಾಡಿ ಮುಂದ ಹೋಗಾಕ ಯಾವ ಗುಂಡಿ ಒತ್ತಬೇಕ್ರಿ?"

ಅದೊಂದನ್ನು ನಾನೂ ಎಲ್ಲಿಯೂ ಓದಿರಲಿಲ್ಲ. "ಬರೂ ರವಿವಾರ ಊಟಕ್ಕ ಬರ್ತೀವಿ. ವೈನಿ ಕಡೆಯಿಂದ ಇಬ್ರೂ ಕೂಡೇ ಕಲಿಯೂಣು" ಎಂದೆ.